‘ಸದ್ಯಕ್ಕೆ ಮಾತ್ರ’ ಎಂಬ ಮಾತು

ಒಂದು ಏರ್ಪಾಡು ನಿತ್ಯವಲ್ಲ, ಕೆಲವು ಕಾಲದ್ದು ಮಾತ್ರ ಎಂದು ತಿಳಿಸಬೇಕಾದಾಗ ನಾವು ಕನ್ನಡದಲ್ಲಿ ‘ಸದ್ಯಕ್ಕೆ’ ಎನ್ನುತ್ತೇವೆ, ‘ತಾತ್ಕಾಲಿಕ’ ಎನ್ನುತ್ತೇವೆ, ಕಚೇರಿಯ ಮಾತಿನಲ್ಲಾದರೆ ‘ಹಂಗಾಮಿ’ ಎನ್ನುತ್ತೇವೆ. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರು ಇದೇ ಭಾವವನ್ನು ಹೇಗೆ ತಿಳಿಸುತ್ತಾರೆ, ಕೇಳಿದವರು ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲನೆಯದಾಗಿ, ಆ ಭಾಷೆಯಲ್ಲಿ ಈ ಭಾವಕ್ಕೆ ಬೇರೆ ಪದವೇ ಬೇಕೆಂದಿಲ್ಲ. ಕ್ರಿಯಾಪದದ ರೂಪವೇ ಸಾಕು. ‘ಐ ಲಿವ್ ಇನ್ ಲಂಡನ್’ ಎಂದವನು ಅಲ್ಲಿ ನೆಲೆನಿಂತವನು. ‘ಐ ಆ್ಯಮ್ ಲಿವಿಂಗ್ ಇನ್ ಲಂಡನ್’ ಎಂದವನು ಬಹುಮಟ್ಟಿಗೆ ಕೆಲವು ಕಾಲ ತಂಗಿರುವವನು. ‘ಹೀ ಈಸ್ ಫೂಲಿಷ್’ ಎಂದರೆ ಅವನ ಸ್ವಭಾವವೇ ಅವಿವೇಕ; ‘ಹೀ ಈಸ್ ಬೀಯಿಂಗ್ ಫೂಲಿಷ್’ ಎಂದರೆ ಈ ಹೊತ್ತಿನ ನಡತೆ ಮಾತ್ರ ಅವಿವೇಕ. ಕನ್ನಡದಲ್ಲಿ ಈ ಭೇದವನ್ನು ತೋರಿಸಬೇಕಾದರೆ ‘ಸದ್ಯಕ್ಕೆ’, ‘ಈಗ’ ಎಂಬ ಮಾತನ್ನೋ ‘ಅವಿವೇಕಿಯ ಹಾಗೆ ಆಡುತ್ತಿದ್ದಾನೆ’ ಎಂಬ ಸುತ್ತುಮಾತನ್ನೋ ತರಬೇಕಾಗುತ್ತದೆ.

ಇನ್ನು ಪದಗಳ ವಿಚಾರ. ‘ಟೆಂಪೊರರಿ’ ಎಂಬುದು ಕಾಲವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ‘ಇಂಟರಿಮ್’ ಎಂದರೆ ಒಂದು ಮುಗಿದು ಮತ್ತೊಂದು ತೊಡಗುವವರೆಗಿನ ನಡುವಣ ಕಾಲಕ್ಕೆ ಸಂಬಂಧಿಸಿದ್ದು. ‘ಪ್ರೊವಿಷನಲ್’ ಎಂದರೆ ಮುಂದೆ ಸ್ಥಿರಪಡುವ ಅಥವಾ ಬದಲಾಗುವ ನಿರೀಕ್ಷೆಯಿಂದ ಈಗ ಒಪ್ಪಿಕೊಂಡದ್ದು. ‘ಸ್ಟಾಪ್‌ಗ್ಯಾಪ್’ ಎಂದರೆ ತೆರವಾದ ಸಂದನ್ನು ಮುಚ್ಚಿದ್ದು. ಅರ್ಥಭೇದಗಳು ನಯವಾಗಿವೆ, ಆದರೆ ಇವುಗಳಲ್ಲಿ ಒಂದಾದರೂ ‘ಇಂಥ ದಿನಕ್ಕೆ ಮುಗಿಯುತ್ತದೆ’ ಎಂದು ಹೇಳುವುದಿಲ್ಲ. ‘ಫಾರ್ ದಿ ಟೈಮ್ ಬೀಯಿಂಗ್’ ಎಂಬ ನುಡಿಗಟ್ಟಂತೂ ಮನೆಯ ಮಾತಿನಲ್ಲಿ ‘ಸದ್ಯಕ್ಕೆ’ ಎಂಬ ಅರ್ಥ ಕೊಟ್ಟರೆ, ಶಾಸನಗಳಲ್ಲಿ ‘ಆಯಾ ಕಾಲದಲ್ಲಿ ಜಾರಿಯಲ್ಲಿರುವ’ ಎಂಬ ಅರ್ಥ ಕೊಡುತ್ತದೆ. ಅಲ್ಲಿ ಅದು ಕೊನೆಯನ್ನು ಸೂಚಿಸದೆ, ಕಾನೂನು ಬದಲಾದಂತೆಲ್ಲ ತಾನೂ ಹೊಂದಿಕೊಂಡು ನಡೆಯುತ್ತದೆ.

ಮಾತಿನಲ್ಲಿ ಅವಧಿ ಕಾಣದಿದ್ದರೆ ಆಚರಣೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಆದಾಯ ತೆರಿಗೆಯೇ ಸಾಕ್ಷಿ. ಫ್ರಾನ್ಸಿನೊಡನೆ ನಡೆದ ಯುದ್ಧದ ವೆಚ್ಚಕ್ಕಾಗಿ ಕಿರಿಯ ಪಿಟ್ಟನು 1799ರಲ್ಲಿ ಅದನ್ನು ಜಾರಿಗೆ ತಂದನು. 1802ರಲ್ಲಿ ರದ್ದಾಗಿ, ಮರುವರ್ಷ ಮರಳಿ ಬಂದು, ಯುದ್ಧ ಮುಗಿದ ಮೇಲೆ 1816ರಲ್ಲಿ ಹೋಯಿತು. 1842ರಲ್ಲಿ ಸರ್ ರಾಬರ್ಟ್ ಪೀಲನು ವರ್ಷಕ್ಕೆ 150 ಪೌಂಡು ಮೀರಿದ ವರಮಾನದ ಮೇಲೆ ಪೌಂಡಿಗೆ 7 ಪೆನ್ಸಿನಂತೆ ಮೂರು ವರ್ಷಗಳ ಮಟ್ಟಿಗೆ ಎಂದು ಅದನ್ನು ಮತ್ತೆ ವಿಧಿಸಿದನು. 1860ಕ್ಕೆ ಅದು ಕೊನೆಗೊಳ್ಳಬೇಕೆಂದು ಗ್ಲ್ಯಾಡ್‌ಸ್ಟನ್ 1853ರಲ್ಲಿ ಯೋಜನೆ ಹೂಡಿದನು. ಮರುವರ್ಷವೇ ಕ್ರಿಮಿಯಾದ ಯುದ್ಧ ಬಂದು ಆ ಯೋಜನೆ ಮುರಿಯಿತು. ಇಂದಿಗೂ ಆ ತೆರಿಗೆಯ ಅವಧಿ ಪ್ರತಿವರ್ಷ ಏಪ್ರಿಲ್ 5ಕ್ಕೆ ತೀರುತ್ತದೆ. ಪಾರ್ಲಿಮೆಂಟು ಪ್ರತಿವರ್ಷವೂ ಅದನ್ನು ಹೊಸದಾಗಿ ವಿಧಿಸುತ್ತದೆ. ಹೆಸರಿಗೆ ಒಂದು ವರ್ಷದ ಆಯುಸ್ಸು. ನಡೆದು ಬಂದದ್ದು ನೂರೆಂಬತ್ತಕ್ಕೂ ಹೆಚ್ಚು ವರ್ಷ.

ಇದೆಲ್ಲವೂ ವಂಚನೆಯೆಂದು ತಿಳಿಯುವುದು ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ಮನೆ ಕಳೆದುಕೊಂಡವರಿಗಾಗಿ ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿ ಜೋಡಿಸುವ ಮನೆಗಳ ಯೋಜನೆಯನ್ನು ಚರ್ಚಿಲ್ 1944ರ ಮಾರ್ಚಿಯಲ್ಲಿ ರೇಡಿಯೋ ಮೂಲಕವೇ ಜನರಿಗೆ ತಿಳಿಸಿದನು. ಅದೇ ವರ್ಷದ ಶಾಸನದ ಹೆಸರಿನಲ್ಲೇ ‘ಟೆಂಪೊರರಿ’ ಎಂಬ ಪದವಿತ್ತು. ಕಟ್ಟಿದ ಮನೆಗಳು 1,56,000ಕ್ಕೂ ಮಿಗಿಲು. ಎಣಿಸಿದ ಬಾಳಿಕೆ ಹತ್ತು ಹದಿನೈದು ವರ್ಷ. ಆದರೆ ಅನೇಕ ಸಂಸಾರಗಳು ಅವುಗಳಲ್ಲೇ ದಶಕಗಳನ್ನು ಕಳೆದವು. ಸ್ನಾನದ ಮನೆ, ಅಚ್ಚುಕಟ್ಟಾದ ಅಡಿಗೆ ಮನೆ, ಸುತ್ತ ಒಂದಿಷ್ಟು ತೋಟ ಇದ್ದ ಆ ಮನೆಗಳನ್ನು ಬಿಡಲು ಹಲವರಿಗೆ ಮನಸ್ಸಿರಲಿಲ್ಲ. ಲಂಡನ್ನಿನ ಕ್ಯಾಟ್‌ಫರ್ಡಿನಲ್ಲಿ ಅಂಥ ಆರು ಮನೆಗಳನ್ನು 2009ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ಕೆಡಹಲೆಂದೇ ಕಟ್ಟಿದ್ದನ್ನು ಕೆಡಹಬಾರದೆಂದು ಶಾಸನವೇ ಕಾಯುವಂತಾಯಿತು!

ನಮ್ಮ ದೇಶದಲ್ಲಿ ಇಂಗ್ಲಿಷ್ ಭಾಷೆಯೇ ಇದಕ್ಕೆ ಉದಾಹರಣೆಯಾಗಿ ನಿಂತಿದೆ. ಸಂವಿಧಾನದ 343ನೆಯ ಅನುಚ್ಛೇದವು 1950ರ ಜನವರಿ 26ರಿಂದ ಹದಿನೈದು ವರ್ಷಗಳವರೆಗೆ ಕೇಂದ್ರದ ಆಡಳಿತದಲ್ಲಿ ಇಂಗ್ಲಿಷ್ ಮುಂದುವರಿಯತಕ್ಕದ್ದೆಂದು ವಿಧಿಸಿತು. ಆಮೇಲೂ ಬೇಕಾದರೆ ಸಂಸತ್ತು ಕಾನೂನು ಮಾಡಬಹುದೆಂಬ ಬಾಗಿಲನ್ನೂ ತೆರೆದಿಟ್ಟಿತು. 1963ರ ಅಧಿಕೃತ ಭಾಷಾ ಅಧಿನಿಯಮ ಆ ಬಾಗಿಲಿನಿಂದಲೇ ಬಂದಿತು. 1967ರ ತಿದ್ದುಪಡಿ ಅದನ್ನು ಇನ್ನಷ್ಟು ಭದ್ರಪಡಿಸಿತು. ಹದಿನೈದು ವರ್ಷದ ಅತಿಥಿ ಇಂದಿಗೂ ಮನೆಯಲ್ಲಿದ್ದಾನೆ. ಅತಿಥಿ ಉಳಿದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಹಿಂದಿ ಮನೆಮಾತಲ್ಲದ ರಾಜ್ಯಗಳ ಜನರಿಗೆ ಅದರಿಂದ ರಕ್ಷಣೆಯೂ ದೊರೆಯಿತು.

ಈ ಮೂರು ನಿದರ್ಶನಗಳಿಂದ ತಿಳಿಯಬೇಕಾದ್ದು ಇಷ್ಟು. ತೆರಿಗೆಗೆ ಗಡುವಿದ್ದರೂ ಪ್ರತಿಸಲ ಹೊಸದಾಯಿತು. ಮನೆಗಳಿಗೆ ಇದ್ದದ್ದು ಅಂದಾಜು ಮಾತ್ರ. ಭಾಷೆಯ ಗಡುವಿನ ಪಕ್ಕದಲ್ಲೇ ಬಾಗಿಲಿತ್ತು. ‘ಟೆಂಪೊರರಿ’ ಎಂಬುದು ಆಡುವವನ ಅಂದಿನ ಉದ್ದೇಶವನ್ನು ಹೇಳುತ್ತದೆ. ವಸ್ತುವಿನ ಆಯುಸ್ಸನ್ನು ಹೇಳಲಾರದು. ಹಂಗಾಮಿಯೆಂಬ ಭರವಸೆಯ ಮೇಲೆ ಕೆಲಸ ಹಿಡಿಯುವವರು, ತೆರಿಗೆ ಕೊಡುವವರು, ಬಿಡಾರ ಹೂಡುವವರು ಮೂರು ಮಾತುಗಳನ್ನು ಕೇಳಿಕೊಳ್ಳುವುದು ಲೇಸು: ಕೊನೆಯ ದಿನ ಯಾವುದು? ಆ ದಿನ ಯಾರೂ ಏನೂ ಮಾಡದಿದ್ದರೆ ಇದು ನಿಲ್ಲುವುದೋ, ಮುಂದುವರಿಯುವುದೋ? ಮುಂದುವರಿಸುವ ಅಧಿಕಾರ ಯಾರದು? ಇವುಗಳಿಗೆ ಉತ್ತರ ದೊರೆತ ಮೇಲೆ ಏರ್ಪಾಡಿಗೆ ಯಾವ ಹೆಸರಿಟ್ಟರೂ ಬಾಧಕವಿಲ್ಲ.