ಪೇಡದ ಡಬ್ಬಿಗೆ ಸಿನಿಮಾ ಹೀರೊ ಫೋಟೊ ಹಾಕಬಹುದೇ?



ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಎಂದು ಬರೆಯುವವಳು ಈ ಸಲ ಸಿನಿಮಾ ವಿಷಯ ತೆಗೆದಿದ್ದೇನೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದ ಊರಲ್ಲಿ ಒಬ್ಬ ಸದಸ್ಯೆ ತಮ್ಮ ಗುಂಪಿನ ಪೇಡದ ಲೇಬಲ್ ತೋರಿಸಿದರು. ಮೇಲೆ ಪುನೀತ್ ರಾಜ್‌ಕುಮಾರ್ ಅವರ ಸಿನಿಮಾದ ಒಂದು ಫೋಟೊ, ಕೆಳಗೆ ಅದೇ ಸಿನಿಮಾದ ಡೈಲಾಗ್. ಮೊಬೈಲಲ್ಲಿ ಹಾಕಲು ಅದರದೇ ಹಾಡಿನ ರೀಲ್ಸ್ ಕೂಡ ರೆಡಿ. ಎರಡು ಸಾವಿರ ಲೇಬಲ್ ಮುದ್ರಣಕ್ಕೆ ಹೋಗುವುದಷ್ಟೇ ಬಾಕಿ.

“ಒಪ್ಪಿಗೆ ತಗೊಂಡಿದ್ದೀರಾ?” ಎಂದೆ. “ಅಪ್ಪು ಸಾರ್ ನಂದಿನಿಗೆ ದುಡ್ಡೇ ತಗೊಳ್ಳದೆ ಮಾಡಿಕೊಟ್ರು. ನಂದಿನಿ ಅಂದ್ರೆ ನಾವೇ ಅಲ್ವಾ ಡಾಕ್ಟ್ರಮ್ಮ?” ಎಂದರು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಮುದ್ರಣ ನಿಲ್ಲಿಸಿ ಎಂದಷ್ಟೇ ಹೇಳಿ ಬಂದು, ಆಮೇಲೆ ಕೂತು ಓದಿ ತಿಳಿದುಕೊಂಡೆ.

ಡಾ. ರಾಜ್‌ಕುಮಾರ್ ಅವರೂ ಪುನೀತ್ ಅವರೂ ಸಂಭಾವನೆ ಇಲ್ಲದೆ ನಂದಿನಿಯ ರಾಯಭಾರಿಗಳಾಗಿದ್ದದ್ದು ನಿಜ. ಆದರೆ ಪುಕ್ಕಟೆ ಕೊಟ್ಟದ್ದೂ ಒಂದು ಒಪ್ಪಿಗೆಯೇ. ಅದು ನಂದಿನಿ ಹೆಸರಿಗೆ ಕೊಟ್ಟದ್ದು. ನಾವು ಹಾಲು ಹಾಕುತ್ತೇವೆಂದು ನಮ್ಮ ಮನೆಯ ಪೇಡಕ್ಕೆ ಅದು ಬರುವುದಿಲ್ಲ.

ಸಿನಿಮಾ ಎನ್ನುವುದು ಪಹಣಿಯಲ್ಲಿ ನಾಲ್ಕು ಹೆಸರಿರುವ ಜಮೀನಿದ್ದ ಹಾಗೆ. ದೃಶ್ಯ ನಿರ್ಮಾಪಕರದು. ಹಾಡಿನ ಧ್ವನಿಮುದ್ರಣ ಸಾಮಾನ್ಯವಾಗಿ ಆಡಿಯೊ ಕಂಪನಿಯದು. ಸಾಹಿತ್ಯ, ರಾಗ ಇವಕ್ಕೆ ಬೇರೆಯೇ ಹಕ್ಕು. ನೀವೇ ಹಾಡಿ ರೆಕಾರ್ಡ್ ಮಾಡಿದರೂ ಸಿನಿಮಾ ಹಾಡಾದರೆ ಅವರನ್ನು ಕೇಳಬೇಕು. ನಟರ ಮುಖ, ಹೆಸರು, ಧ್ವನಿಗೆ ಅವರದೇ ಹಕ್ಕು. ಡೈಲಾಗ್ ಒಂದು ಮಾತಷ್ಟೇ ಎನ್ನಬೇಡಿ. ‘ಝಕಾಸ್’ ಎಂಬ ತಮ್ಮ ಮಾತು, ಮುಖ, ಧ್ವನಿಯನ್ನು ಕಂಡವರೆಲ್ಲ ವ್ಯಾಪಾರಕ್ಕೆ ಬಳಸುತ್ತಿದ್ದಾರೆಂದು ನಟ ಅನಿಲ್ ಕಪೂರ್ ದೂರಿದಾಗ, 2023ರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಟರು ತೀರಿಹೋದರೂ ಫೋಟೊ, ಸಿನಿಮಾದ ಹಕ್ಕು ಹೋಗುವುದಿಲ್ಲ. ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ.

ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಕೇಳಿ. 2022ರಲ್ಲಿ ಒಂದು ರಾಜಕೀಯ ಪಕ್ಷ ‘ಕೆ.ಜಿ.ಎಫ್. ಚಾಪ್ಟರ್ 2’ ಹಾಡನ್ನು ಪ್ರಚಾರದ ವಿಡಿಯೊಗೆ ಹಾಕಿತ್ತು. ಎಂ.ಆರ್.ಟಿ. ಮ್ಯೂಸಿಕ್ ಕಂಪನಿ ದೂರು ಕೊಟ್ಟಿತು. ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಇಲ್ಲಿನ ನ್ಯಾಯಾಲಯ ಹೇಳಿತು. ಹೈಕೋರ್ಟ್ ಆ ಆದೇಶ ತೆಗೆದುಹಾಕಿದರೂ ವಿಡಿಯೊ ಅಳಿಸಬೇಕೆಂದಿತು. ದೊಡ್ಡ ಪಕ್ಷಕ್ಕೇ ಹೀಗಾದರೆ ಪೇಡದ ಗುಂಪಿನ ಪಾಡೇನು? ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಎಂದಿದೆ. ಹಾಗೆಂದು ಮಗಳ ಮದುವೆ ಮೆರವಣಿಗೆಯಲ್ಲಿ ಹಾಡು ಹಾಕಲು ಹೆದರಬೇಡಿ, ಅದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಮಾರಾಟಕ್ಕೆ ಬಳಸಿದರೆ ತೊಡಕು. ಇನ್‌ಸ್ಟಾಗ್ರಾಂ ತಾನೇ ಹಾಡು ಕೊಡುತ್ತದಲ್ಲ ಎನ್ನುತ್ತೀರಿ. ಅಲ್ಲಿರುವ ಸಿನಿಮಾ ಹಾಡುಗಳು ಸ್ವಂತ ಖುಷಿಗೆ, ವ್ಯಾಪಾರದ ಜಾಹೀರಾತಿಗಲ್ಲ.

ಸಿನಿಮಾವನ್ನೇ ತಮ್ಮದಾಗಿಸಿಕೊಂಡ ಹಾಲಿನವರೂ ಇದ್ದಾರೆ! 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಶ್ಯಾಮ್ ಬೆನೆಗಲ್ ನಿರ್ದೇಶನ. ಪಶುವೈದ್ಯ ಡಾ. ರಾವ್ ಪಾತ್ರ ನಮ್ಮ ಗಿರೀಶ ಕಾರ್ನಾಡರದು. (ಸಿನಿಮಾಗಳಲ್ಲಿ ನಮ್ಮ ಕಸುಬಿನವರು ನಾಯಕರಾಗುವುದು ಅಪರೂಪ, ಅದಕ್ಕೇ ನನಗೆ ಆ ಚಿತ್ರ ಒಂದು ತೂಕ ಹೆಚ್ಚು ಇಷ್ಟ.) ಅದರ ಹಾಡನ್ನೇ ಮುಂದೆ ಅಮುಲ್ ಜಾಹೀರಾತಿನಲ್ಲಿ ಊರೂರೂ ಕೇಳಿತು.

ನಿಮಗೆ ಸಿನಿಮಾದ್ದೇ ಬೇಕೆಂದರೆ ಹಕ್ಕುದಾರರಿಗೆ ಪತ್ರ ಬರೆಯಿರಿ. ಯಾವ ದೃಶ್ಯ, ಎಲ್ಲೆಲ್ಲಿ ಬಳಕೆ, ಡಬ್ಬಿಗೋ ಮೊಬೈಲಿಗೋ, ಎಷ್ಟು ದಿನ ಎಂಬುದೆಲ್ಲ ಅದರಲ್ಲಿರಲಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೂ, ಜಾಗ ಹೇಳದಿದ್ದರೆ ಭಾರತವಿಡೀ ಎಂದೂ ಎಣಿಸುತ್ತದೆ. ಒಪ್ಪಿಗೆ ಕಾಗದದಲ್ಲಿ, ಸಹಿಯೊಡನೆ ಬರಬೇಕು. ಫೋನಿನಲ್ಲಿ ಯಾರೋ “ಆಯ್ತಮ್ಮ” ಎಂದದ್ದನ್ನು ನಂಬಿ ಮುದ್ರಿಸಬೇಡಿ. ಖರ್ಚು ನಿಮ್ಮ ಪೇಡದ ಲಾಭಕ್ಕಿಂತ ಹೆಚ್ಚಾಗಬಹುದು, ಅದನ್ನೂ ಲೆಕ್ಕ ಹಾಕಿ. ನಿಮ್ಮೂರಿನ ಸೋಬಾನೆ ಪದವನ್ನು ನೀವೇ ಹಾಡಿದರೆ ಯಾರ ಅಪ್ಪಣೆಯೂ ಬೇಡ. ಬೇರೆಯವರು ಹಾಡಿದ ರೆಕಾರ್ಡಿಂಗ್ ಮಾತ್ರ ತೆಗೆದುಕೊಳ್ಳಬೇಡಿ.

ಆ ಸದಸ್ಯೆಗೆ ಇದನ್ನೆಲ್ಲ ಹೇಳಿದೆ. ಮುಖ ಸಪ್ಪಗಾಯಿತು. “ಅಪ್ಪು ಮುಖ ಇದ್ರೆ ಜನ ನೋಡ್ತಿದ್ರು” ಎಂದರು. ಈಗ ಲೇಬಲ್ ಮೇಲೆ ಅವರ ಮನೆಯ ಹಸು ಗೌರಿ, ಮಗಳು ಮೊಬೈಲಲ್ಲಿ ತೆಗೆದ ಫೋಟೊ. ಹೊಸ ಲೇಬಲ್ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು, ಅದರಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆಯೇ ಇಲ್ಲ! ಆ ನೋಂದಣಿ ಮಾಡಿಸುವುದು ಹೇಗೆಂದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.