ಬಾವಿ ದಂಡೆಯ ಕರಿ ಮಣ್ಣು

ಮದಗದ ಕೆರೆ ತುಂಬಿದರೆ ಹಾವೇರಿ ಜಿಲ್ಲೆಯ ಮಾಸೂರಿನ ಕಡೆಯ ಬಾವಿ, ಬೋರುಗಳಿಗೆ ಜೀವ ಬರುತ್ತದೆ. ಕುಮುದ್ವತಿ ನದಿಯ ನೀರು ಕಾಲುವೆಯಲ್ಲಿ ಹರಿಯುವ ಹಾಗೆ ನೆಲದೊಳಗೂ ಮೆಲ್ಲಗೆ ಹರಿಯುತ್ತದೆ. ಅದೇ ಒಳದಾರಿ ಹಿಡಿದು ಪೆಟ್ರೋಲು, ಡೀಸೆಲ್ಲೂ ನಡೆಯಬಲ್ಲವು ಎಂಬುದು ನಮ್ಮ ಲಕ್ಷ್ಯಕ್ಕೆ ಬರುವುದು ಕಡಿಮೆ.

ಬಾವಿಯ ದಂಡೆಯಲ್ಲಿ ಡೀಸೆಲ್ ಎಂಜಿನ್ ಕೂರಿಸಿದ ಜಾಗವನ್ನು ಹತ್ತಿರದಿಂದ ನೋಡಿ. ಎಣ್ಣೆ ಹಾಕುವಾಗ ಚೆಲ್ಲಿದ್ದು, ನಳಿಗೆಯಿಂದ ತೊಟ್ಟಿಕ್ಕಿದ್ದು ಸೇರಿ ಮಣ್ಣು ಕರ್ರಗೆ ಗಂಟುಗಟ್ಟಿರುತ್ತದೆ. ಅಲ್ಲಿ ಗರಿಕೆಯೂ ಚಿಗುರುವುದಿಲ್ಲ. ನೀರು ಚಿಮುಕಿಸಿದರೆ ಇಂಗದೆ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳುತ್ತದೆ. ಆ ಎಣ್ಣೆ ಎಲ್ಲಿಗೂ ಹೋಗಿಲ್ಲ. ಒಂದು ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡಿದೆ, ಇನ್ನೊಂದು ಪಾಲು ಮಳೆಗಾಲಕ್ಕೆ ಕಾಯುತ್ತಿದೆ. ಎರೆ ಹೊಲವಾದರೆ ಬೇಸಿಗೆಯ ಬಿರುಕುಗಳೇ ಅದಕ್ಕೆ ದಾರಿ. ಕೆಳಗೆ ಬಂಡೆಯ ಸೀಳು ಸಿಕ್ಕಿತೋ, ಮುಂದೆ ಯಾವ ಬೋರಿನಲ್ಲಿ ಮೇಲೇಳುತ್ತದೆ ಎಂದು ಊಹಿಸುವುದೂ ಕಷ್ಟ.

ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಅಂತರ್ಜಲದ ಮೇಲೆ ತೇಲುತ್ತದೆ. ಅಷ್ಟೇ ಆಗಿದ್ದರೆ ಕೆನೆ ತೆಗೆದಂತೆ ತೆಗೆಯಬಹುದಿತ್ತು. ಆದರೆ ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಅಂಶವಿದೆ. ಅದು ನೀರಿನಲ್ಲಿ ಕರಗುತ್ತದೆ, ರಕ್ತದ ಕ್ಯಾನ್ಸರ್ ತರುತ್ತದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಪಾಲಿನವರೆಗೆ ಇರಬಹುದು. ಎಂದರೆ ಒಂದು ಲೀಟರಿನಲ್ಲಿ ಹೆಚ್ಚೆಂದರೆ 8ರಿಂದ 9 ಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ನೀರಿಗಿಳಿದರೆ 8 ಲಕ್ಷ ಲೀಟರಿಗೂ ಹೆಚ್ಚು ನೀರು ಆ ಮಿತಿ ಮುಟ್ಟುತ್ತದೆ. 20 ಅಡಿ ಅಗಲದ, 15 ಅಡಿ ನೀರಿರುವ ದುಂಡು ಬಾವಿಗಳು ಆರು! ಎಲ್ಲವೂ ಹಾಗೆ ಇಳಿಯುವುದಿಲ್ಲ, ಬಹುಪಾಲು ಆವಿಯಾಗುತ್ತದೆ ನಿಜ. ಆದರೂ ಈ ಲೆಕ್ಕ ಮಾಡಿದ ಮೇಲೆ ‘ಸ್ವಲ್ಪ ಚೆಲ್ಲಿತು, ಬಿಡು’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೆಚ್ಚಿನ ಅಪಾಯವಿರುವುದು ನೆಲದೊಳಗೆ ಹೂತ ಟ್ಯಾಂಕು, ಕೊಳವೆಗಳಲ್ಲಿ. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಜನ ಬೋರ್‌ವೆಲ್ ನೀರಿನಲ್ಲಿ ಎಣ್ಣೆ ಕಂಡು ದಂಗಾದರು. ಕಾರಣ, ನೆಲದಡಿಯ ತೈಲ ಕೊಳವೆಯ ಸೋರಿಕೆ. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಸೋರಿಕೆ ಹಿಡಿಯುವ ಮೊದಲ ಉಪಕರಣ ಬಹಳ ಸರಳ. ಪೆಟ್ರೋಲ್ ಬಂಕಿನಲ್ಲಿ ಬೆಳಗ್ಗೆ ಟ್ಯಾಂಕಿಗೆ ಉದ್ದನೆಯ ಕೋಲು ಇಳಿಸಿ ‘ಡಿಪ್’ ನೋಡುವುದನ್ನು ನೀವೂ ಕಂಡಿರಬಹುದು. ಬಂದ ಎಣ್ಣೆ, ಮಾರಿದ ಎಣ್ಣೆ, ಉಳಿದ ಎಣ್ಣೆ ದಿನವೂ ತಾಳೆಯಾಗದಿದ್ದರೆ ನೆಲ ಕುಡಿಯುತ್ತಿದೆ ಎಂದು ಅನುಮಾನಿಸಬೇಕು. ಅನುಮಾನ ಬಂದ ಮೇಲೆ ಸುತ್ತ ಕನಿಷ್ಠ ಮೂರು ತಪಾಸಣೆ ಬೋರು ಕೊರೆಯುತ್ತಾರೆ. ಮೂರರ ನೀರಿನ ಮಟ್ಟ ಹೋಲಿಸಿದರೆ ಅಂತರ್ಜಲ ಯಾವ ಕಡೆ ಇಳಿಯುತ್ತಿದೆ ಎಂದು ತಿಳಿಯುತ್ತದೆ. ಪಾರದರ್ಶಕ ಕೊಳವೆಯನ್ನು ಇಳಿಸಿ ಎತ್ತಿದರೆ ನೀರಿನ ಮೇಲಿನ ಎಣ್ಣೆಯ ಪದರ ಬರಿಗಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ಈ ತಪಾಸಣೆಯೇ ಮೋಸ ಮಾಡುವುದೂ ಉಂಟು. ನೀರಿನ ಮಟ್ಟ ಏರಿದಾಗ ಎಣ್ಣೆ ಮಣ್ಣಿನ ಸಂದುಗಳಲ್ಲಿ ಸಿಕ್ಕಿಬಿದ್ದು ಪದರ ಮಾಯವಾಗುತ್ತದೆ. ಬೇಸಿಗೆಗೆ ಮತ್ತೆ ಪ್ರತ್ಯಕ್ಷ. ಆದ್ದರಿಂದ ಒಮ್ಮೆ ನೋಡಿ ‘ಶುದ್ಧ’ ಎನ್ನುವಂತಿಲ್ಲ.

ನೆಲವನ್ನು ಶುದ್ಧ ಮಾಡಲು ತೇಲುವ ಎಣ್ಣೆಯನ್ನು ಪಂಪಿನಿಂದ ಎತ್ತುತ್ತಾರೆ, ಮಣ್ಣಿನೊಳಗಿನ ಆವಿಯನ್ನು ಹೀರುತ್ತಾರೆ, ನೀರಿನ ಕೆಳಗೆ ಗಾಳಿ ಊದುತ್ತಾರೆ. ಉಳಿದ ಕೆಲಸ ಸೂಕ್ಷ್ಮಜೀವಿಗಳದ್ದು. ಎಣ್ಣೆಯನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿವೆ. ಅಂಥವನ್ನು ಆರಿಸಿ ಬೆಳೆಸಿ ದೆಹಲಿಯ ಟೆರಿ ಸಂಸ್ಥೆ ‘ಆಯಿಲ್‌ಜಾಪರ್’ ಎಂಬ ಮಿಶ್ರಣ ಸಿದ್ಧಪಡಿಸಿದೆ. ಅವುಗಳಿಗೂ ಗಾಳಿ, ಹಸಿ, ಸಾರಜನಕ, ರಂಜಕ ಬೇಕು. ತಿಪ್ಪೆಯನ್ನು ತಿರುವಿ ಹಾಕಿ ಗೊಬ್ಬರ ಮಾಗಿಸುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಬ್ಯಾಕ್ಟೀರಿಯಾಗಳು ಅವಸರದವಲ್ಲ. ಅಮೆರಿಕದ ಬೆಮಿಜಿ ಬಳಿ 1979ರಲ್ಲಿ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಚೆಲ್ಲಿತು. ಬಹುಪಾಲು ತೆಗೆದರೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲೇ ಉಳಿಯಿತು. ವಿಜ್ಞಾನಿಗಳು 1983ರಿಂದ ಅದನ್ನು ಅಳೆಯುತ್ತಲೇ ಇದ್ದಾರೆ. ಕರಗಿದ ಬೆಂಜೀನ್ ದೂರ ಹರಡದಂತೆ ಸೂಕ್ಷ್ಮಜೀವಿಗಳು ತಡೆದಿವೆ. ಎಣ್ಣೆ ಮಾತ್ರ ನಾಲ್ಕು ದಶಕ ಕಳೆದರೂ ಅಲ್ಲೇ ಇದೆ.

ಆದ್ದರಿಂದ ಎಂಜಿನ್ ಕೆಳಗೆ ಒಂದು ತಗಡಿನ ತಟ್ಟೆ ಇಡಿ, ಕರಿ ಎಣ್ಣೆಯನ್ನು ಬಾವಿ ಬಳಿ ಸುರಿಯಬೇಡಿ. ನೀರಿಗೆ ಪೆಟ್ರೋಲಿನ ವಾಸನೆ ಬಂದರೆ ಕುದಿಸಿ ಕುಡಿದರಾಯಿತು ಎನ್ನಬೇಡಿ. ಬಾವಿಗಿಳಿಯಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಗ್ರಾಮ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ಕೊಡಿ. ಕಲುಷಿತ ತಾಣಗಳ ಬಗ್ಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಶುದ್ಧೀಕರಣದ ಖರ್ಚು ಮಲಿನ ಮಾಡಿದವರದ್ದು, ಬಾವಿಯ ಒಡೆಯರದ್ದಲ್ಲ.