ವಿಮಾನದೊಳಗೆ ಹೊಗೆ ಕಂಡರೆ ಪ್ರಯಾಣಿಕರು ಏನು ಮಾಡಬೇಕು?

ಉಪ್ಪಳದಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ರಜೆ ಮುಗಿಸಿ ಗಲ್ಫ್‌ಗೆ ಮರಳುವವರು ಹೊರಡುವ ಮುಂಚಿನ ದಿನ ಬಂದು ಕೇಬಲ್, ಚಾರ್ಜರ್, ಪವರ್ ಬ್ಯಾಂಕ್ ಎಲ್ಲ ತಗೊಂಡು ಹೋಗ್ತಾರೆ. ಮೊನ್ನೆ ಒಬ್ಬರು ಹಿರಿಯರು ಪವರ್ ಬ್ಯಾಂಕ್ ತಗೊಂಡು, "ಇದನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡ್ತೇನೆ, ಕೈಚೀಲದಲ್ಲಿ ಜಾಗ ಇಲ್ಲ" ಅಂದರು. "ಬೇಡ ಕಾಕ, ಅದು ಕೈಚೀಲದಲ್ಲೇ ಇರಬೇಕು" ಅಂದೆ. ಅವರು ನಕ್ಕು, "ವಿಮಾನ ಹತ್ತಿದ ಮೇಲೆ ನಮ್ಮ ಕೈಯಲ್ಲಿ ಏನುಂಟು?" ಅಂತ ಕೇಳಿದರು.

2010ರ ಮೇ 22ರ ಮಂಗಳೂರು ದುರಂತ ಕಂಡ ನಮ್ಮ ಕಡೆಯವರು ಹೀಗೆ ಹೇಳುವುದು ಸಹಜ. 158 ಮಂದಿ ಹೋದರು. ಆದರೆ ಹೊಗೆಯ ವಿಷಯ ಬೇರೆ. ಹೊಗೆ ಕಾಣಿಸಿಕೊಂಡಾಗ ಸಾಮಾನ್ಯವಾಗಿ ಕೆಲವು ನಿಮಿಷಗಳ ಸಮಯ ಸಿಗುತ್ತದೆ. ಆ ನಿಮಿಷಗಳಲ್ಲಿ ಪ್ರಯಾಣಿಕನ ಕೈಯಲ್ಲಿ ತುಂಬಾ ಉಂಟು.

ಮೊದಲು ಪವರ್ ಬ್ಯಾಂಕ್ ಲೆಕ್ಕ. ಅದರೊಳಗಿನ ಲಿಥಿಯಂ ಬ್ಯಾಟರಿ ಕೆಟ್ಟರೆ ತಾನಾಗಿಯೇ ಬಿಸಿಯೇರಿ ಹೊಗೆ, ಬೆಂಕಿ ಉಗುಳುತ್ತದೆ. ಕ್ಯಾಬಿನ್‌ನಲ್ಲಾದರೆ ಯಾರಾದರೂ ನೋಡುತ್ತಾರೆ, ಸಿಬ್ಬಂದಿ ಬಂದು ಆರಿಸುತ್ತಾರೆ. ಕೆಳಗಿನ ಸರಕು ಕೋಣೆಗೆ ಹಾರಾಟದ ನಡುವೆ ಯಾರೂ ಹೋಗಲಾಗದು. ಕೈಚೀಲದಲ್ಲೇ ಇರಬೇಕು ಎನ್ನುವ ನಿಯಮ ಅದಕ್ಕೇ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74. ತೊಂದರೆಯಿಲ್ಲ. "50,000" ಅಂತ ಮುದ್ರಿಸಿದ ಅಗ್ಗದ ಮಾಲು ಬರುತ್ತದಲ್ಲ, ಅದು ನಿಜವಾದರೆ 185 ಆಯಿತು, ಒಯ್ಯುವಂತಿಲ್ಲ. ಸುಳ್ಳಾದರೆ, ಒಳಗೆ ಇನ್ನೇನೇನು ಸುಳ್ಳು ಉಂಟೋ! ನಾನು ಅದನ್ನು ಮಾರುವುದು ಬಿಟ್ಟಿದ್ದೇನೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದೆ, ಒಬ್ಬರಿಗೆ ಒಂದೇ ಒಯ್ಯಲು ಬಿಡುತ್ತದೆ.

ಮೊಬೈಲ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಒಳಗೆ ಸಿಕ್ಕಿ ಬ್ಯಾಟರಿ ಜಜ್ಜಿಹೋದರೆ ಅಲ್ಲೇ ಬೆಂಕಿ. ಸಿಬ್ಬಂದಿಯನ್ನು ಕರೆಯಿರಿ.

ವಿಮಾನದ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಫೋಮ್, ಪ್ಲಾಸ್ಟಿಕ್ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್, ಸೈನೈಡ್ ಅನಿಲ ಬರುತ್ತದೆ. ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಬಹುದು.

1980ರ ಆಗಸ್ಟ್ 19ರಂದು ಸೌದಿಯಾದ 163ನೇ ವಿಮಾನ ಕರಾಚಿಯಿಂದ ಬಂದು ರಿಯಾದ್‌ನಲ್ಲಿ ಇಳಿದು ಜಿದ್ದಾಗೆ ಹೊರಟಿತ್ತು. ಮೇಲೇರಿದ ಸುಮಾರು ಏಳು ನಿಮಿಷಕ್ಕೆ ಹಿಂದಿನ ಸರಕು ಕೋಣೆಯಿಂದ ಹೊಗೆಯ ಎಚ್ಚರಿಕೆ ಬಂತು. ಅದು ನಿಜವೋ ಅಲ್ಲವೋ ಎಂದು ನೋಡುವುದರಲ್ಲೇ ಕೆಲವು ನಿಮಿಷ ಹೋಯಿತು. ಆಮೇಲೆ ತಿರುಗಿಸಿ ರಿಯಾದ್‌ನಲ್ಲಿ ಸರಿಯಾಗಿಯೇ ಇಳಿಸಿದರು. ಆದರೆ ರನ್‌ವೇಯಲ್ಲೇ ನಿಲ್ಲಿಸಿ ಜನರನ್ನು ಇಳಿಸುವ ಬದಲು ಮುಂದೆ ಟ್ಯಾಕ್ಸಿವೇವರೆಗೆ ಓಡಿಸಿದರು. ನಿಂತ ಮೇಲೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಓಡುತ್ತಲೇ ಇತ್ತು. ಎಂಜಿನ್ ಆರಿಸಿ 23 ನಿಮಿಷ ಕಳೆದ ಮೇಲೆ ಹೊರಗಿನವರು ಬಾಗಿಲು ತೆರೆದರು. ಒಳಗಿದ್ದ 301 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನೆಲ ಮುಟ್ಟಿದ ವಿಮಾನ ಅದು. ಓದುವಾಗ ಹೊಟ್ಟೆ ಉರಿಯುತ್ತದೆ.

ಇಂದು ಪೈಲಟ್‌ಗಳಿಗೆ ಕಲಿಸುವುದು ಹೀಗೆ: ಹೊಗೆಯ ಸಂಶಯ ಬಂದರೆ ಮೊದಲು ತಮ್ಮ ಆಮ್ಲಜನಕ ಮಾಸ್ಕ್ ಹಾಕಬೇಕು, ಕಾರಣ ಹುಡುಕುತ್ತಾ ಕೂರದೆ ಹತ್ತಿರದ ನಿಲ್ದಾಣದತ್ತ ತಿರುಗಿಸಬೇಕು. 1998ರ ಸೆಪ್ಟೆಂಬರ್‌ನಲ್ಲಿ ಸ್ವಿಸ್‌ಏರ್ 111ರಲ್ಲಿ ಮೊದಲ ವಾಸನೆ ಬಂದು ಸುಮಾರು 21 ನಿಮಿಷಕ್ಕೆ ವಿಮಾನ ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು, 229 ಮಂದಿ ಸತ್ತರು.

ಹಾಗಾದರೆ ನಾವು? ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ ತಕ್ಷಣ ಸಿಬ್ಬಂದಿಗೆ ಹೇಳಿ. "ನಾನು ಹೇಳಿ ಏನೂ ಇಲ್ಲದಿದ್ದರೆ ಮರ್ಯಾದೆ ಹೋಗ್ತದೆ" ಅಂತ ನಾಚಿಕೆ ಬೇಡ. ಇಂಗ್ಲಿಷ್ ಬರದಿದ್ದರೂ ಕೈ ತೋರಿಸಿದರೆ ಸಾಕು. ಒಂದು ಮಾತು ಮಾತ್ರ: ಮಂಗಳೂರು, ಕಣ್ಣೂರಿನಂಥ ಸೆಕೆಯ ಊರಲ್ಲಿ ವಿಮಾನ ಹೊರಡುವ ಮೊದಲು ಎಸಿ ಕಿಂಡಿಯಿಂದ ಬಿಳಿ ಮಂಜು ಇಳಿಯುವುದುಂಟು. ಅದಕ್ಕೆ ವಾಸನೆ ಇರುವುದಿಲ್ಲ, ಕೂಡಲೇ ಕರಗುತ್ತದೆ. ಅದು ಹೊಗೆ ಅಲ್ಲ.

ಮೇಲಿಂದ ಆಮ್ಲಜನಕ ಮಾಸ್ಕ್ ಯಾಕೆ ಇಳಿಸುವುದಿಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಗಾಳಿಯ ಒತ್ತಡ ಕಡಿಮೆಯಾದಾಗ ಬಳಸಲು. ಕ್ಯಾಬಿನ್ ಗಾಳಿಯನ್ನೂ ಬೆರೆಸಿಯೇ ಕೊಡುವುದರಿಂದ ಹೊಗೆಯೂ ಒಳಗೆ ಹೋಗುತ್ತದೆ. ಹೊಗೆಯಲ್ಲಿ ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಒತ್ತಿ ತಲೆ ತಗ್ಗಿಸಿ. ಶಾಲು, ಕರವಸ್ತ್ರ ಏನಾದರೂ ಆಗುತ್ತದೆ. ಒದ್ದೆ ಬಟ್ಟೆ ವಿಷಾನಿಲವನ್ನು ತಡೆಯುವುದಿಲ್ಲ, ಮಸಿಯನ್ನು ಸ್ವಲ್ಪ ಹಿಡಿಯುತ್ತದೆ ಅಷ್ಟೆ. ಹೊರಗೆ ಹೋಗುವುದೇ ನಿಜವಾದ ಮದ್ದು.

1983ರ ಜೂನ್ 2ರಂದು ಏರ್ ಕೆನಡಾ 797ರ ಹಿಂದಿನ ಶೌಚಾಲಯದಲ್ಲಿ ಹೊಗೆ ಎದ್ದು ವಿಮಾನ ಸಿನ್ಸಿನಾಟಿಯಲ್ಲಿ ಇಳಿಯಿತು. 46 ಮಂದಿಯಲ್ಲಿ 23 ಮಂದಿ ಹೊರಬಂದರು. ಬಾಗಿಲು ತೆರೆದ ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಬೆಂಕಿ ಆವರಿಸಿತು, ಉಳಿದ 23 ಮಂದಿ ಅಲ್ಲೇ ತೀರಿಕೊಂಡರು. ಶೌಚಾಲಯದ ಹೊಗೆ ಪತ್ತೆ ಯಂತ್ರ, ನೆಲದ ದಾರಿ ದೀಪಗಳು ಕಡ್ಡಾಯವಾದದ್ದು ಇದರ ನಂತರ. ದಟ್ಟ ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ. ಕೂತ ಕೂಡಲೇ ನಿಮ್ಮ ಸೀಟಿನಿಂದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಡಿ, ಮುಂದಕ್ಕೂ ಹಿಂದಕ್ಕೂ. ಆಮೇಲೆ ಸೀಟುಗಳನ್ನು ಮುಟ್ಟುತ್ತಾ ಹೋಗಬಹುದು.

ಇನ್ನು ಬ್ಯಾಗ್. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಕ್ಯಾಬಿನ್ ತುಂಬ ಹೊಗೆ. ಎಂಟು ಬಾಗಿಲಲ್ಲಿ ಬಳಸಲು ಆದದ್ದು ಮೂರೇ. ಆದರೂ ಅದರಲ್ಲಿದ್ದ 379 ಮಂದಿಯೂ ಹೊರಬಂದರು. ಹೆಚ್ಚಿನವರು ಸಾಮಾನು ಬಿಟ್ಟು ಬರಿಗೈಯಲ್ಲಿ ಇಳಿದಿದ್ದರು.

ನಮ್ಮವರ ಕಥೆ ಬೇರೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ನೆಲಕ್ಕೆ ಅಪ್ಪಳಿಸಿತು. ಒಳಗೆ ಹೊಗೆ ತುಂಬುತ್ತಿದ್ದಾಗ ಕೆಲವರು ಮೇಲಿನ ಬ್ಯಾಗ್ ಎಳೆಯುತ್ತಿದ್ದ ವಿಡಿಯೊ ಎಲ್ಲ ಕಡೆ ಹರಿದಾಡಿತು. 300 ಮಂದಿಯೂ ಬದುಕಿದರು. ಆದರೆ ವಿಮಾನ ನಿಂತ ಸುಮಾರು ಒಂಬತ್ತು ನಿಮಿಷಕ್ಕೆ ಇಂಧನ ಟ್ಯಾಂಕ್ ಸಿಡಿದು ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಬಿಟ್ಟರು. ಪಾಸ್‌ಪೋರ್ಟ್, ದುಡ್ಡು ಬ್ಯಾಗಿನಲ್ಲಿ ಇರುವುದರಿಂದಲೇ ಕೈ ಮೇಲಕ್ಕೆ ಹೋಗುತ್ತದೆ, ಅದು ನನಗೂ ಅರ್ಥವಾಗುತ್ತದೆ. ಹಾಗಾಗಿ ಅವೆರಡನ್ನು ಮೊದಲೇ ಸಣ್ಣ ಪೌಚ್‌ಗೆ ಹಾಕಿ ಮೈಮೇಲೆ ಇಟ್ಟುಕೊಳ್ಳಿ. ಆ ಕಾಕನಿಗೂ ಅದನ್ನೇ ಹೇಳಿ ಕಳಿಸಿದೆ.